ಲೇಥಿನ ಮುಂದೆ ಪಳಗಿದ ಕಿವಿ

ಮಗಳು ಹಾಡು ಕಲಿತರೆ ಮುಂದೆ ಹೊಟ್ಟೆ ತುಂಬುತ್ತದೆಯೇ ಎಂದು ಕೇಳಿಬಿಡಲೆಂದೇ ಮುತ್ತಣ್ಣ ಬೊಮ್ಮಸಂದ್ರದ ಸಂಗೀತ ಟೀಚರ್ ಶೈಲಜಾ ಅವರ ಮನೆಗೆ ಬಂದಿದ್ದ. ಕೇಳಿಯೂ ಬಿಟ್ಟ. ಅವರು ಉತ್ತರ ಕೊಡದೆ ಹಾರ್ಮೋನಿಯಂ ಎಳೆದುಕೊಂಡು ಅವನ ಜೊತೆ ಬಂದಿದ್ದ ಹುಡುಗಿಗೆ ಸರಿಗಮ ಹೇಳಿಕೊಡತೊಡಗಿದರು. ಹೊಟ್ಟೆಪಾಡಿನ ಮಾತಿಗೆ ಇವರೆಲ್ಲ ಕಿವುಡರು ಎಂದು ಮುತ್ತಣ್ಣನಿಗೆ ಸಿಟ್ಟು ಬಂತು. ಆದರೂ ಬಾಯಿ ಸುಮ್ಮನಿರಲಿಲ್ಲ.

“ಮೇಡಮ್ಮಾರ, ಪೇಟಿದು ಕಡೀ ದನಿ ಸ್ವಲ್ಪ ಇಳದೈತ್ರೀ.”

ಶೈಲಜಾ ಹಾರ್ಮೋನಿಯಂನ ಕೊನೆಯ ಸ್ವರವನ್ನು ಮತ್ತೆ ಒತ್ತಿ ನೋಡಿದರು. ಇಳಿದಿತ್ತು.

“ನೀವು ಯಾರ ಹತ್ರ ಕಲಿತಿದ್ದು?”

“ಕಲಿಯೋದೆಲ್ಲಿ ಬಂತ್ರೀ! ಹದಿನೆಂಟು ವರ್ಷ ಲೇಥ್ ಮುಂದ ನಿಂತೀನಿ. ಫ್ಯಾಕ್ಟರಿಯೊಳಗ ಯಾವ ಮಷಿನ್ ದನಿ ಕೆಟ್ರೂ ಮೊದಲ ನನ್ನ ಕರೀತಾರ. ನಿನ್ನ ಕಿವಿಗೇ ಪಗಾರ ಅಂತಾರ ನಮ್ಮ ಸಾಹೇಬ್ರು.”

ಹೇಳಿ ಮುಗಿಸಿದ ಮೇಲೆ ತನ್ನ ಮಾತು ಅವನಿಗೇ ಕೇಳಿಸಿತು.

“ನಾಳೆ ಎಷ್ಟೊತ್ತಿಗೆ ಕಳಸಲ್ರೀ ಇಕೀನ?”