ಅಳಿಸಿಹೋದ ತಂತಿಗಳು

ಮ್ಯೂಸಿಯಂನಲ್ಲಿ ಹಳೆಯ ಚಿತ್ರಗಳ ಕೊಳೆ ತೆಗೆಯುವುದು ಅವಳ ಕೆಲಸ. ಕಾವಲುಗಾರರು ಅವಳಿಗೆ ಲಾಂಡ್ರಿ ಅಕ್ಕ ಎಂದು ಹೆಸರಿಟ್ಟಿದ್ದರು. ಇಪ್ಪತ್ತು ವರ್ಷದಲ್ಲಿ ಒಂದು ಚುಕ್ಕೆ ಬಣ್ಣವನ್ನೂ ಕಳೆದವಳಲ್ಲ. ಅಂಥವಳ ಕೈಯಲ್ಲಿ ಇವತ್ತು ವೀಣೆಯ ತಂತಿಗಳೇ ಅಳಿಸಿಹೋದವು.

ನೂರೈವತ್ತು ವರ್ಷ ಹಳೆಯ ಚಿತ್ರ. ಒಬ್ಬಾತ ವೀಣೆಯ ಮೇಲೆ ಕಿವಿ ಬಾಗಿಸಿ ಕೂತಿದ್ದಾನೆ. ಅವಳು ಒದ್ದೆ ಹತ್ತಿಯನ್ನು ಮೆಲ್ಲಗೆ ಉರುಳಿಸಿದ್ದಷ್ಟೇ, ಒಂದರ ಹಿಂದೊಂದು ತಂತಿ ಹತ್ತಿಗೆ ಅಂಟಿಕೊಂಡು ಬಂತು. ಒಂದು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಮೂಲ ಬಣ್ಣವನ್ನೇ ಕಿತ್ತೆನೆ? ಹಾಗಾದರೆ ಈ ಒಂದು ಯಾಕೆ ಉಳಿಯಿತು? ಹೋದವು ಆಮೇಲೆ ಯಾರೋ ಬರೆದವು ಅನ್ನೋಣವೆಂದರೆ, ಒಂದೇ ತಂತಿಯ ವೀಣೆಯನ್ನು ಯಾವ ಚಿತ್ರಕಾರ ಬರೆದಾನು? ತಲೆಬುಡ ತಿಳಿಯಲಿಲ್ಲ.

ಸಾಲದ್ದಕ್ಕೆ ಚಿತ್ರದಲ್ಲಿನವನ ಹೆಬ್ಬೆರಳು ಬೇರೆ; ಅದರ ಉಗುರಿನಲ್ಲಿ ಕಪ್ಪು ಕೊಳೆ, ಅದನ್ನು ತೆಗೆಯುವುದು ನಾಳೆಯ ಪಟ್ಟಿಯಲ್ಲಿತ್ತು. ವೀಣೆಯ ತಂತಿಯಡಿಯ ಹಿತ್ತಾಳೆ ಮೆಟ್ಟನ್ನು ಹೆಬ್ಬೆರಳಿನಿಂದ ಒತ್ತಿ ನುಡಿಸುವವರು ಯಾವ ಲೋಕದಲ್ಲಿದ್ದಾರೆ? ಚಿತ್ರಕಾರನಿಗೆ ಸಂಗೀತದ ಗಂಧವೇ ಇರಲಿಲ್ಲ ಎಂದು ಮ್ಯೂಸಿಯಂನ ಸಾಹೇಬರು ಮೊದಲೇ ತೀರ್ಪು ಕೊಟ್ಟಿದ್ದರು.

ತಂತಿ ಹೋದದ್ದು ಕೇಳಿ ಅವರು ಕೆಂಡವಾದರು. "ನಾಳೆ ಮತ್ತೆ ಬರೆದುಬಿಡಮ್ಮ. ಇಲ್ಲಾಂದ್ರೆ ನಿನ್ನ ಕೆಲಸ ಉಳಿಯಲ್ಲ."

ಅವಳು ಚಿತ್ರದ ಫೋಟೋವನ್ನು ಫೋನಿನಲ್ಲಿ ತೆಗೆದುಕೊಂಡು ಮನೆಗೆ ಬಂದಳು. ಅಪ್ಪ ವೀಣೆ ರಿಪೇರಿ ಮಾಡಿಯೇ ಮುಪ್ಪಾದವನು. ಈಗ ಕಿವಿ ಮಂದ, ನಾಲಿಗೆ ಮಾತ್ರ ಚುರುಕು.

"ಅಪ್ಪಾ, ನಾನು ಹಾಳು ಮಾಡಿದ್ನಾ?" ಎಂದು ಕೂಗಿ ಕೇಳಿದಳು.

ಅಪ್ಪ ಫೋನನ್ನು ಮೂಗಿನ ಹತ್ತಿರ ಹಿಡಿದ. "ಅಯ್ಯೋ ದಡ್ಡಿ, ಇವನು ನುಡಿಸ್ತಾ ಇಲ್ಲ ಕಣೇ. ಕಪ್ಪು ಮೇಣದಲ್ಲಿ ಮೆಟ್ಟು ಕೂರಿಸ್ತಿದ್ದಾನೆ. ನಾನೂ ಒಂದೇ ತಂತಿ ಬಿಟ್ಕೊಂಡು ಮಿಕ್ಕಿದ್ದು ಬಿಚ್ತಿರ್ಲಿಲ್ವಾ? ಅದನ್ನ ಮೀಟೋದು, ಕಿವಿಗೊಡೋದು, ಸ್ವರ ಕೂಡಿದಲ್ಲಿ ಮೆಟ್ಟು ಒತ್ತೋದು."

"ಮತ್ತೆ ಆ ಬೇರೆ ತಂತಿಗಳು?"

"ಯಾವನೋ ಅತಿಬುದ್ಧಿವಂತ ಆಮೇಲೆ ಎಳೆದಿರ್ತಾನೆ ಬಿಡು."

ಹೇಳುತ್ತ ಅಪ್ಪ ಗಾಳಿಯಲ್ಲೇ ಹೆಬ್ಬೆರಳು ಒತ್ತಿ ತೋರಿಸಿದ. ಕೆಲಸ ಬಿಟ್ಟು ತಿಂಗಳುಗಳಾದರೂ ಆ ಉಗುರಿನ ಸೀಳಿನಲ್ಲಿ ಕಪ್ಪು ಮೇಣ ಇನ್ನೂ ಹಾಗೇ ಇತ್ತು. ಚಿತ್ರದಲ್ಲಿ ಅದನ್ನು ಗುರುತಿಸದೆ ಹೋದದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಇದೇ ಕೈ ಹಿಡಿದು ನಡೆಯಲು ಕಲಿತವಳು ತಾನು.

ಮರುದಿನ ಸಾಹೇಬರ ಮುಂದೆ ಎಲ್ಲ ಹೇಳಿ, "ತಂತಿ ಬರೆಯಲ್ಲ ಸಾರ್. ಬೇಕಾದ್ರೆ ಕೆಲಸದಿಂದ ತೆಗೀರಿ," ಎಂದಳು.

ಸಾಹೇಬರು ಚಿತ್ರದ ಹತ್ತಿರ ಬಾಗಿ ಆ ಹೆಬ್ಬೆರಳನ್ನು ನೋಡಿದರು. ಕೊನೆಗೆ, "ಆಯ್ತಮ್ಮ, ಆ ಉಗುರಿನ ಕೊಳೆಯನ್ನಾದ್ರೂ ತೆಗೆದುಬಿಡು," ಎಂದರು.

ಪಟ್ಟಿಯಲ್ಲಿ ಇವತ್ತಿನ ಕೆಲಸ ಅದೇ ಆಗಿತ್ತು. ಅವಳು ಕೊಳೆ ತೆಗೆಯುವ ದ್ರಾವಣದ ಸೀಸೆಯ ಮುಚ್ಚಳ ಬಿಗಿ ಮಾಡಿದಳು.

"ಅದು ಕೊಳೆ ಅಲ್ಲ ಸಾರ್."