ಹೆಚ್ಚಿಗೆ ಬಂದ ಕನ್ನಡಿ

ಜರ್ಮನಿಯ ಆ ಗುಡ್ಡದೂರಿನ ಪ್ರಯೋಗಾಲಯದಲ್ಲಿ ಒಂದು ರೂಢಿ. ಯಾರಿಗೆ ಒಳ್ಳೆಯ ಫಲಿತಾಂಶ ಸಿಕ್ಕಿತೋ ಅವರೇ ಕೇಕ್ ಮಾಡಿ ತಂದು ಉಳಿದವರಿಗೆ ಹಂಚಬೇಕು. ಗೆಜೀನ ಅಲ್ಲಿಗೆ ಸಂಶೋಧನೆಗೆ ಸೇರಿ ನಾಲ್ಕು ವರ್ಷವಾಗಿತ್ತು. ಬೇರೆಯವರ ಕೇಕ್ ತಿಂದಿದ್ದಳೇ ಹೊರತು ತಾನು ತಂದದ್ದು ಇದೇ ಮೊದಲು.

ಬಾಗಿಲು ತೆರೆಯುವಷ್ಟರಲ್ಲೇ ಟಿಲ್ಮನ್ ಮೂಗರಳಿಸಿದ. ಅವಳಿಗಿಂತ ಹಿರಿಯ, ಲೇಸರ್ ನೋಡಿಕೊಳ್ಳುವವನು.

"ಪ್ಲಮ್ ಕೇಕಾ? ಇಷ್ಟು ವರ್ಷ ನಮ್ಮದೆಲ್ಲ ತಿಂದು ತೇಗಿದ್ದೀಯ ಮಹಾತಾಯಿ, ಇವತ್ತು ಸೇಡು ತೀರಿಸ್ಕೋತೀನಿ."

"ಪ್ರೊಫೆಸರ್ ಬರೋವರೆಗೂ ಮುಟ್ಟಬೇಡ."

"ಮೂಲೇದು ಒಂದೇ ಒಂದು ತುಂಡು. ಯಾರಿಗೂ ಗೊತ್ತಾಗಲ್ಲ ಕಣೇ."

ಅವಳು ನಕ್ಕು ತಟ್ಟೆಯನ್ನು ಚಹಾ ಕೋಣೆಯಲ್ಲಿಟ್ಟು ಒಳಗೆ ಹೋದಳು. ಪತ್ರಿಕೆಗೆ ಕಳಿಸುವ ಲೇಖನ ಸಿದ್ಧವಾಗಿತ್ತು. ಉಪಕರಣಗಳ ಚಿತ್ರವೊಂದೇ ಬಾಕಿ.

ಕತ್ತಲ ಕೋಣೆಯ ಮೇಜಿನ ತುದಿಯಲ್ಲಿ ಎರ್ನಾ ಇದ್ದಳು. ಎರ್ನಾ ಎಂದರೆ ಹರಳಿನಿಂದ ಅಂಟುಪಟ್ಟಿಯಲ್ಲಿ ಎಳೆದೆಳೆದು ತೆಗೆದ, ಇನ್ನು ಇದಕ್ಕಿಂತ ತೆಳುವಾಗಲು ಸಾಧ್ಯವೇ ಇಲ್ಲದಂಥ ಒಂದು ಪದರ. ಚೆನ್ನಾಗಿ ಬಂದ ಪದರಗಳಿಗೆ ಅಲ್ಲಿ ಹೆಸರಿಡುತ್ತಿದ್ದರು. ಇದರ ಆಕಾರ ಟಿಲ್ಮನ್‌ನ ಅಜ್ಜಿಯ ಟೋಪಿಯಂತಿತ್ತಂತೆ, ಅದಕ್ಕೇ ಅಜ್ಜಿಯ ಹೆಸರು. ಇಂಥ ಪದರದೊಳಗಿನ ಎಲೆಕ್ಟ್ರಾನುಗಳಿಗೆ ನಿಲ್ಲಲು ಎರಡು ಕಣಿವೆಗಳು, ಒಂದರಷ್ಟೇ ಆಳ ಇನ್ನೊಂದು. ಬಲಕ್ಕೆ ಸುತ್ತುವ ಬೆಳಕು ಬಿದ್ದರೆ ಒಂದು ತುಂಬುತ್ತದೆ, ಎಡಕ್ಕೆ ಸುತ್ತುವುದಾದರೆ ಮತ್ತೊಂದು. ಪದರದಿಂದ ಮರಳಿ ಬರುವ ಮಿಣುಕು ಬೆಳಕು ಯಾವ ಕಡೆ ಸುತ್ತುತ್ತದೆಂದು ನೋಡಿ, ಎಲೆಕ್ಟ್ರಾನು ಎಲ್ಲಿತ್ತೆಂದು ತಿಳಿಯಬೇಕು. ಸೆಕೆಂಡಿನ ಕೋಟಿಯಲ್ಲೊಂದು ಪಾಲಿನ ಕೋಟಿಯಲ್ಲೊಂದು ಪಾಲಿನಷ್ಟು ಹೊತ್ತು, ಬಲವಾದ ಇನ್ನೊಂದು ಬೆಳಕು ಹಾಯಿಸಿ, ಅವುಗಳನ್ನು ದಿಬ್ಬ ದಾಟಿಸಿ ಪಕ್ಕದ ಕಣಿವೆಗೆ ದೂಡಬಹುದೇ? ಗೆಜೀನಳ ಪ್ರಯೋಗ ಇದೇ. ಹೋದ ವಾರ ಮಿಣುಕು ಪೂರ್ತಿ ಎದುರು ದಿಕ್ಕಿಗೆ ಸುತ್ತುತ್ತ ಬಂದಿತ್ತು. ಎಲೆಕ್ಟ್ರಾನುಗಳು ದಾಟಿದ್ದವು. ಅವಳ ಪದವಿ ನಿಂತದ್ದೇ ಅದರ ಮೇಲೆ.

ಬಿಳಿ ಕಾಗದದ ಚೂರನ್ನು ಬೆಳಕಿನ ದಾರಿಗೆ ಅಡ್ಡ ಹಿಡಿಯುತ್ತ, ಕನ್ನಡಿಯಿಂದ ಕನ್ನಡಿಗೆ ಹೋಗಿ ಒಂದೊಂದಕ್ಕೂ ಚಿತ್ರದಲ್ಲಿ ಗೀಟೆಳೆದಳು. ಕೊನೆಯ ಗೀಟಿನ ಹತ್ತಿರ ಪೆನ್ಸಿಲ್ ನಿಂತಿತು. ಈ ಕನ್ನಡಿ ವಸಂತದಲ್ಲಿ ಇರಲಿಲ್ಲ. ಬಲವಾದ ಬೆಳಕಿಗೆ ಜಾಗ ಸಾಲದೆ, ಮರಳುವ ಮಿಣುಕನ್ನು ಪಕ್ಕಕ್ಕೆ ಹೊರಳಿಸಲು ಟಿಲ್ಮನ್ ಬೇಸಿಗೆಯಲ್ಲಿ ಇಟ್ಟದ್ದು.

ಕನ್ನಡಿಗೆ ತಗುಲಿದ ಬೆಳಕು ಸುತ್ತುವ ದಿಕ್ಕು ಬದಲಿಸುತ್ತದೆ. ಅದು ಮೊದಲ ವರ್ಷದ ಹುಡುಗರಿಗೂ ಗೊತ್ತು. ಆದರೆ ದೂಡುವ ಬೆಳಕಿಲ್ಲದ ಅಳತೆ ವಸಂತದ್ದು, ಕನ್ನಡಿಗೆ ಮುಂಚಿನದು, ದೂಡಿದ ಅಳತೆ ಆಮೇಲಿನದು. ಪದೇ ಪದೇ ಬೆಳಕು ಬಿದ್ದು ಎರ್ನಾ ಸುಟ್ಟುಹೋದಾಳೆಂಬ ಹೆದರಿಕೆಗೆ ಮೊದಲಿನದನ್ನು ಯಾರೂ ಮತ್ತೆ ಅಳೆದಿರಲಿಲ್ಲ.

ಹಾಗಾದರೆ ಮಿಣುಕನ್ನು ತಿರುಗಿಸಿದ್ದು ಎಲೆಕ್ಟ್ರಾನುಗಳಲ್ಲ, ಈ ಕನ್ನಡಿಯೇ ಇರಬಹುದು. ಗೆಜೀನ ಆ ಗೀಟನ್ನು ರಬ್ಬರಿನಿಂದ ಅಳಿಸಿದಳು. ಚಿತ್ರ ಇನ್ನೂ ಚೆಂದ ಕಂಡಿತು. ಚಿತ್ರದ ಕನ್ನಡಿಗಳನ್ನು ಕೂತು ಎಣಿಸುವವರು ಯಾರು? ಸ್ವಲ್ಪ ಹೊತ್ತು ಹಾಗೇ ನೋಡುತ್ತ ನಿಂತಳು. ಅಳಿಸಿದ ಜಾಗದಲ್ಲಿ ಗೀಟಿನ ಗುರುತು ತೆಳ್ಳಗೆ ಉಳಿದಿತ್ತು. ಅದರ ಮೇಲೇ ಮತ್ತೆ ಎಳೆದಳು, ಈ ಸಲ ಒತ್ತಿ.

ಅವಳು ಚಿತ್ರ ಹಿಡಿದು ಚಹಾ ಕೋಣೆಗೆ ಬರುವಷ್ಟರಲ್ಲಿ ಪ್ರೊಫೆಸರ್ ಹೊಲ್‌ವೆಗ್ ಬಂದು ಚಾಕು ಎತ್ತಿಕೊಂಡಿದ್ದರು.

"ಕತ್ತರಿಸೋ ಮುಂಚೆ ಒಂದು ಮಾತಿತ್ತು," ಎಂದಳು ಗೆಜೀನ.

"ಭಾಷಣನಾ? ನೀನಾ? ಟಿಲ್ಮನ್, ಬಾಗಿಲು ಹಾಕಪ್ಪಾ, ಓಡಿಹೋದಾಳು."

ಅವಳು ನಗಲಿಲ್ಲ. ಚಿತ್ರವನ್ನು ಕೇಕಿನ ಪಕ್ಕದಲ್ಲಿಟ್ಟು, ಕೊನೆಯ ಗೀಟಿನ ಮೇಲೆ ಬೆರಳಿಟ್ಟಳು. "ಇದು ಮೊದಲು ಇರ್ಲಿಲ್ಲ. ಎಲೆಕ್ಟ್ರಾನ್ ತಿರುಗಿಲ್ಲ ಅನ್ಸುತ್ತೆ. ನಾವೇ ತಿರುಗಿಸಿದೀವಿ."

ಟಿಲ್ಮನ್ ಚಿತ್ರದ ಮೇಲೆ ಬಗ್ಗಿದ. "ಅದನ್ನ ಇಟ್ಟಿದ್ದು ನಾನೇ."

"ಇಟ್ಟಿದ್ದು ಯಾರು ಅಂತ ನಾನು ಕೇಳ್ಲಿಲ್ಲ," ಎಂದರು ಪ್ರೊಫೆಸರ್. ಚಾಕು ಕೆಳಗಿಟ್ಟರು. "ಕಪ್ಪು ರಟ್ಟು ಎಲ್ಲಿದೆ? ನಡೀರಿ."

ಗೆಜೀನ ಬಲವಾದ ಬೆಳಕಿಗೆ ರಟ್ಟು ಅಡ್ಡ ಹಿಡಿದಳು. ಮಿಣುಕು ಸುತ್ತುವ ದಿಕ್ಕನ್ನು ತೋರಿಸುವ ಪರದೆಯ ಮೇಲಿನ ಗೆರೆ ತಿರುಗಿದ ಕಡೆಯೇ ನಿಂತಿತ್ತು. ದೂಡುವ ಬೆಳಕೇ ಇಲ್ಲದೆಯೂ ತಿರುಗಿತ್ತು. ಅವಳ ಕಣ್ಣು ತುಂಬಿಬಂತು, ಕತ್ತಲಿದ್ದದ್ದು ಒಳ್ಳೆಯದಾಯಿತು.

"ಲೇಖನ ಕಳಿಸೋದಿಲ್ಲ," ಎಂದರು ಪ್ರೊಫೆಸರ್ ಮೆಲ್ಲಗೆ. "ಈ ಚಳಿಗಾಲಕ್ಕೆ ನಿನ್ನ ಪದವಿ ಮುಗಿಯಲ್ಲ. ಅದು ಗೊತ್ತಿದ್ದೇ ಹೇಳಿದೆ ಅಲ್ವಾ?"

"ಹೂಂ."

"ರಟ್ಟು ತೆಗಿ."

ತೆಗೆದಳು. ಗೆರೆ ಒಂದು ಕೂದಲೆಳೆಯಷ್ಟು ಕುಗ್ಗಿತು.

"ಗೆರೆ ಸುಮ್ನೆ ನಡುಗ್ತಾ ಇದೆ ಅಷ್ಟೇ," ಎಂದ ಟಿಲ್ಮನ್.

"ಇರಬಹುದು," ಎಂದಳು ಗೆಜೀನ. "ಇಲ್ಲಾಂದ್ರೆ, ಕೆಲವೇ ಕೆಲವು ಎಲೆಕ್ಟ್ರಾನ್ ನಿಜಕ್ಕೂ ದಾಟಿರಬಹುದು."

ಟಿಲ್ಮನ್ ಸ್ಕ್ರೂಡ್ರೈವರ್ ತೆಗೆದುಕೊಂಡ. "ಆ ದರಿದ್ರ ಕನ್ನಡಿ ಕಿತ್ತುಬಿಡ್ತೀನಿ."

"ಬೇಡ, ಇರ್ಲಿ. ಎರಡೂ ಅಳತೆ ಅದರ ಜೊತೆಗೇ ತಗೊಂಡ್ರೆ ಏನೂ ತೊಂದರೆ ಇಲ್ಲ."

ಪ್ರೊಫೆಸರ್ ಹೊರಗೆ ಹೋದರು. ಚಹಾ ಕೋಣೆಯಿಂದ ಅವರ ದನಿ ಕೇಳಿತು: "ಈ ಮೂಲೆ ಯಾರು ತಿಂದಿದ್ದು? ಫಲಿತಾಂಶವೇ ಇಲ್ಲದ ಕೇಕು ಇದು!" ಟಿಲ್ಮನ್ ತಲೆ ತಗ್ಗಿಸಿ ಆ ಕಡೆ ನಡೆದ. ತಟ್ಟೆಗಳ ಸದ್ದಾಯಿತು.

ಗೆಜೀನ ಹೋಗಲಿಲ್ಲ. ರಟ್ಟು ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ತೆಗೆದಾಗ ಒಮ್ಮೆ ಗೆರೆ ಕುಗ್ಗಿತು, ಒಮ್ಮೆ ಅಲುಗಲಿಲ್ಲ, ಆಮೇಲೆ ಮತ್ತೆ ಕುಗ್ಗಿತು. ಯಾರೋ ಅವಳ ಪಾಲಿನ ತುಂಡನ್ನು ಬಾಗಿಲ ಹೊರಗಿನ ಕುರ್ಚಿಯ ಮೇಲೆ, ನೊಣ ಕೂರದಂತೆ ಬಟ್ಟಲು ಮುಚ್ಚಿ ಇಟ್ಟುಹೋದರು. ಅದನ್ನು ಆಮೇಲೆ ತಿಂದರಾಯಿತು ಎಂದುಕೊಂಡು ಅವಳು ಮತ್ತೊಮ್ಮೆ ರಟ್ಟು ತೆಗೆದಳು.