ಅಣ್ಣನ ಎದೆಪಟ್ಟಿ

ಐಸ್ ಹಾಕಿ ತಂಡದಲ್ಲಿ ಅಣ್ಣ ಎಲ್ಲರಿಗಿಂತ ಹಿರಿಯ ಆಟಗಾರ. ತಂಗಿ ಅದೇ ತಂಡದ ಲೆಕ್ಕದವಳು. ಆಟಗಾರರ ಎದೆಗೆ ಸೆನ್ಸರ್ ಪಟ್ಟಿ ಕಟ್ಟಿಸಿ, ಯಾರು ಎಷ್ಟು ವೇಗವಾಗಿ ಜಾರಿದರು, ಎತ್ತ ತಿರುಗಿದರು, ಯಾರ ಎದೆ ಎಷ್ಟು ಬಡಿದುಕೊಂಡಿತು ಎಂದು ಪರದೆಯಲ್ಲಿ ನೋಡುವುದು ಅವಳ ಕೆಲಸ. ಹುಡುಗರು ಅವಳನ್ನು 'ಚಾಡಿ ಅಕ್ಕ' ಎನ್ನುತ್ತಿದ್ದರು. ಅವಳೇನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಮೈಗಳ್ಳರಿಗೆ ಅಷ್ಟಾದರೂ ಸಂಕಟವಾಗಬೇಡವೇ?

ಆ ದಿನದ ಅಭ್ಯಾಸದಲ್ಲಿ ಅಣ್ಣನ ಅಂಕಿಗಳು ಇದ್ದಕ್ಕಿದ್ದಂತೆ ಮೇಲೇರಿದವು. ಹೊಸ ತರಬೇತುದಾರರು ಹಿಗ್ಗಿ ಹೀರೇಕಾಯಿಯಾದರು.

"ನಿಮ್ಮಣ್ಣಂಗೆ ಮತ್ತೆ ಹರೆಯ ಬಂದಿದೆ ಕಣಮ್ಮ. ಫೈನಲ್‌ಗೆ ಅವನು ಇರ್ಲೇಬೇಕು."

ತಂಗಿ ಮಾತ್ರ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅಲ್ಲಿದ್ದವನು ಎಡಕ್ಕೆ ಗಕ್ಕನೆ ತಿರುಗುತ್ತಿದ್ದ. ಅಣ್ಣ ಹಾಗೆ ತಿರುಗಿ ವರ್ಷಗಳೇ ಆಗಿದ್ದವು. ಚಿಕ್ಕಂದಿನಲ್ಲಿ ಅವಳು ಐಸಿನ ಮೇಲೆ ಬಿದ್ದಾಗ, ಅವಳನ್ನು ತುಳಿಯದಿರಲೆಂದು ಹೊರಳಿ ಅವನು ಮೊಣಕಾಲು ಮುರಿದುಕೊಂಡಿದ್ದ. ಆ ಕಾಲಿನ ಮರ್ಜಿ ಅವಳಿಗೆ ಚೆನ್ನಾಗಿ ಗೊತ್ತು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನೊಬ್ಬನೇ ಕುಳಿತಿದ್ದ.

"ನಿನ್ನ ಪಟ್ಟಿ ಯಾರು ಕಟ್ಕೊಂಡಿದ್ರು ಅಣ್ಣ?"

ಅವನು ಸ್ಕೇಟ್ ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿದ. "ನಮ್ಮ ಟೀಮಿನ ಕುಳ್ಳ. ಇಬ್ರೂ ಬದಲಾಯಿಸ್ಕೊಂಡ್ವಿ."

ಕುಳ್ಳನ ಹೆಸರಿನಲ್ಲಿ ಎದೆಬಡಿತ ಹುಚ್ಚುಕುದುರೆಯಂತೆ ಓಡಿದ್ದನ್ನು ನೋಡಿ, ಅವನನ್ನು ಡಾಕ್ಟರ ಹತ್ತಿರ ಕಳಿಸಬೇಕೆಂದು ಆಗಷ್ಟೇ ಅಂದುಕೊಂಡಿದ್ದಳು.

"ಹಾಗಾದ್ರೆ ಅದು ನಿಂದು."

"ಇದೊಂದು ಫೈನಲ್ ಆಡ್ಬಿಡ್ತೀನಿ ಕಣೇ. ಆಮೇಲೆ ನಾನೇ ಡಾಕ್ಟರ ಹತ್ರ ಹೋಗ್ತೀನಿ. ಅಲ್ಲೀವರೆಗೂ ಬಾಯಿ ಬಿಡ್ಬೇಡ."

ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. "ನನ್ನ ಕಣ್ಣಿಗೇ ಮಣ್ಣೆರಚೋಕೆ ನೋಡಿದ್ಯಲ್ಲ. ನಿಂಗೇನಾದ್ರೂ ಆದ್ರೆ ನಾನು ಯಾರ ಜೊತೆ ಜಗಳ ಆಡ್ಲಿ?"

ಜೇಬಿನಿಂದ ಇನ್ನೊಂದು ಪಟ್ಟಿ ತೆಗೆದು ಅವನ ಎದೆಗೆ ಕಟ್ಟಿದಳು. ಫೋನಿನ ಪರದೆಯನ್ನು ಅವನ ಕಡೆ ತಿರುಗಿಸಿ ಹಿಡಿದಳು. ಅಭ್ಯಾಸ ಮುಗಿದು ಬಹಳ ಹೊತ್ತಾಗಿತ್ತು. ಎದೆಬಡಿತದ ಅಂಕಿ ಇನ್ನೂ ಮೇಲೆಯೇ ಕುಣಿಯುತ್ತಿತ್ತು.

ಅವನು ದಿಟ್ಟಿಸಿ ನೋಡಿದ. "ಸುಮ್ನೆ ಕೂತಿದೀನಲ್ಲೇ. ಆದ್ರೂ ಹೀಗಾ?"

"ಹೂಂ."

ಅವನು ಬಿಚ್ಚಿದ ಸ್ಕೇಟನ್ನು ಬೆಂಚಿನ ಕೆಳಗೆ ತಳ್ಳಿದ. ಕೊನೆಗೆ ಅವನೇ, "ಕೋಚ್‌ಗೆ ನಾನೇ ಹೇಳ್ತೀನಿ, ಆಡಲ್ಲ ಅಂತ" ಎಂದ.

ಡಾಕ್ಟರನ್ನು ಕರೆತರಲು ಅವಳು ಎದ್ದಳು. ಅವನು ಗಬಕ್ಕನೆ ಅವಳ ಕೈ ಹಿಡಿದುಕೊಂಡ.

"ಇಲ್ಲೇ ಇರೇ. ಭಯ ಆಗ್ತಿದೆ."

ಅಣ್ಣನ ಬಾಯಿಂದ ಆ ಮಾತನ್ನು ಅವಳು ಕೇಳಿದ್ದು ಅದೇ ಮೊದಲು. ಪಕ್ಕದಲ್ಲಿ ಒತ್ತಿ ಕುಳಿತು, ಹಿಡಿದ ಕೈ ಬಿಡಿಸಿಕೊಳ್ಳದೆ, ಇನ್ನೊಂದು ಕೈಯಿಂದ ಡಾಕ್ಟರಿಗೆ ಫೋನ್ ಮಾಡಿದಳು.